ಪ್ರಾರ್ಥನೆ: ಶ್ರೀಮತಿ ಅರುಣಾ ಮತ್ತು ಸಂಗಡಿಗರು

ಆಮಂತ್ರಣ ಪತ್ರಿಕೆ ಕೈಗೆ ಬಂದರೆ ನಾನು ಅದನ್ನು ಮೇಲಿನಿಂದ ಓದುವುದೇ ಇಲ್ಲ. ನನ್ನ ಹೆಸರು ಎಲ್ಲಿರುತ್ತದೆ ಅಂತ ನನಗೆ ಗೊತ್ತು. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಘನ ಉಪಸ್ಥಿತಿ, ಸನ್ಮಾನಿತರು ಎಲ್ಲರೂ ಫೋಟೋ ಸಮೇತ ಮುಗಿದ ಮೇಲೆ, ತೀರಾ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಸಾಲು: ‘ಪ್ರಾರ್ಥನೆ: ಶ್ರೀಮತಿ ಅರುಣಾ ಮತ್ತು ಸಂಗಡಿಗರು.’ ಸಂಗಡಿಗರು ಅಂದರೆ ದೊಡ್ಡ ಮೇಳವೇನಲ್ಲ. ತಬಲಾ ನುಡಿಸುವ ಕೆಂಚೇಶ್ ಒಬ್ಬನೇ. ಸಾಸ್ವೆಹಳ್ಳಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾನೆ, ನಾನು ಕರೆದಾಗಲೆಲ್ಲ ಗಿರಣಿಗೆ ಬೀಗ ಹಾಕಿ ತಬಲಾ ಚೀಲ ಹೆಗಲಿಗೇರಿಸಿ ಬರುತ್ತಾನೆ. ಪಾಪ, ಅವನಿಗೆ ಹೆಸರೂ ಇಲ್ಲ.

ನಾನು ನ್ಯಾಮತಿಯ ಹಾಲಸ್ವಾಮಿ ಗವಾಯಿಗಳ ಹತ್ತಿರ ಕಲಿತವಳು. ಅವರು ಕಲಿಸಿದ್ದು ಹಿಂದೂಸ್ತಾನಿಯ ಖಯಾಲು. ಒಂದು ರಾಗವನ್ನು ಹಿಡಿದರೆ ನಿಧಾನವಾಗಿ, ಬಿಸಿ ರೊಟ್ಟಿ ತಟ್ಟಿದ ಹಾಗೆ ಸುತ್ತಲೂ ಸಮನಾಗಿ ಬೆಳೆಸುತ್ತಾ ಹೋಗಬೇಕು, ಅವಸರ ಮಾಡಿದರೆ ಹರಿಯುತ್ತದೆ ಅನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನು ಹೊನ್ನಾಳಿಗೆ ಸೊಸೆಯಾಗಿ ಬಂದೆ, ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ದಿನಾ ಬೆಳಗ್ಗೆ ತಪ್ಪದೆ ಸಾಧನೆ ಮಾಡಿದ್ದೇನೆ. ಆದರೆ ಸಭೆಯಲ್ಲಿ ಒಂದೇ ಒಂದು ಸಲ ಒಂದು ರಾಗವನ್ನು ಪೂರ್ತಿ ಹಾಡಿಲ್ಲ. ನನ್ನ ಪೂರ್ತಿ ಹಾಡು ಕೇಳಿದವರು ಈ ಭೂಮಿಯ ಮೇಲೆ ಇಬ್ಬರೇ. ಒಬ್ಬ ಕೆಂಚೇಶ್. ಇನ್ನೊಬ್ಬರು ನಮ್ಮತ್ತೆ ಸಾವಂತ್ರಮ್ಮ. ಅವರು ಸೊಪ್ಪು ಸೋಸುತ್ತಾ ಕೇಳುತ್ತಾರೆ. ‘ಇವತ್ತು ಗಂಟಲು ಸಪ್ಪಗೈತೆ, ರಾತ್ರಿ ಮೊಸರು ತಿಂದಿದ್ಯಾ?’ ಅನ್ನುತ್ತಾರೆ. ತಿಂದೇ ಇರುತ್ತೇನೆ.

ಪ್ರಾರ್ಥನೆ ಹಾಡುವವರ ಪಾಡು ನಾಯಿಗೂ ಬೇಡ. ನಾವು ಶುರು ಮಾಡುವಾಗ ಮೈಕಿನವನು ಇನ್ನೂ ವೈರು ಎಳೆಯುತ್ತಿರುತ್ತಾನೆ. ಅತಿಥಿಗಳು ಒಬ್ಬೊಬ್ಬರೇ ಬಂದು ‘ನೀವು ಕೂತ್ಕೊಳ್ಳಿ, ಇಲ್ಲ ನೀವು ಕೂತ್ಕೊಳ್ಳಿ’ ಅಂತ ಕುರ್ಚಿಗಾಗಿ ಮರ್ಯಾದೆ ಹಂಚಿಕೊಳ್ಳುತ್ತಿರುತ್ತಾರೆ. ಗಂಟಲು ಹದಕ್ಕೆ ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತದೆ. ಆಮೇಲೆ ನಿರೂಪಕರು ‘ಸುಶ್ರಾವ್ಯವಾಗಿ ಪ್ರಾರ್ಥಿಸಿದ ಮೇಡಂ ಅವರಿಗೆ ಧನ್ಯವಾದಗಳು’ ಅನ್ನುತ್ತಾರೆ. ಅಲ್ಲಿಗೆ ನಾನು ಹಾಡಿದ್ದು, ಜನ ಕೇಳಿದ್ದು ಎಲ್ಲ ಆಯಿತು. ಹೊನ್ನಾಳಿಯಿಂದ ಎರಡು ಬಸ್ಸು ಬದಲಿಸಿ ಹೋಗಿ ಇಷ್ಟೇ ಹಾಡಿ ಬರುತ್ತೇನೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಇದೆಲ್ಲ ಹೇಗೋ ಸಹಿಸಿಕೊಂಡಿದ್ದೆ. ಹೊಟ್ಟೆಗೆ ಬೆಂಕಿ ಬಿದ್ದದ್ದು ಆ ಪುಸ್ತಕ ಬಂದಾಗ.

ಡಾಕ್ಟರ್ ರುದ್ರಮುನಿ ಅಂತ, ಸಂಗೀತದ ಮೇಲೆ ಬರೆಯುವ ನಿವೃತ್ತ ಪ್ರೊಫೆಸರು. ‘ಬಯಲು ಸೀಮೆಯ ಸ್ವರಸಂಪತ್ತು’ ಅಂತ ದಪ್ಪನೆಯ ಪುಸ್ತಕ ಬರೆದರು. ಅದರಲ್ಲಿ ಊರೂರಿನ ಗಾಯಕರ ಬಗ್ಗೆ ಒಂದೊಂದು ಅಧ್ಯಾಯ. ನಮ್ಮ ಕಡೆಯದು ಕೊನೆಗೆ, ಒಂದೂವರೆ ಪುಟ. ಹೆಸರು ‘ನಾಲ್ಕು ತಾಲೂಕುಗಳ ಮೌನ’. ಉತ್ತರದಿಂದ ಹಿಂದೂಸ್ತಾನಿ ಬಂತು, ದಕ್ಷಿಣದಿಂದ ಕರ್ನಾಟಕಿ ಬಂತು, ಎರಡೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮೇಲೆ ಹಾದುಹೋದವೇ ಹೊರತು ನಿಲ್ಲಲಿಲ್ಲ, ಇಲ್ಲಿ ಹೇಳಿಕೊಳ್ಳುವಂಥ ಶಾಸ್ತ್ರೀಯ ಗಾಯಕರು ಒಬ್ಬರೂ ಹುಟ್ಟಲಿಲ್ಲ ಅಂತ ಬರೆದಿದ್ದರು. ನಮ್ಮ ಗುರುಗಳ ಹೆಸರಿಲ್ಲ. ನನ್ನದಂತೂ ಬಿಡಿ. ಇದೇ ರುದ್ರಮುನಿಯವರ ಎಷ್ಟು ಸಭೆಗಳಿಗೆ ನಾನು ಪ್ರಾರ್ಥನೆ ಹಾಡಿದ್ದೇನೋ ಆ ದೇವರಿಗೇ ಗೊತ್ತು. ಒಂದು ಸಲವಂತೂ ಅವರು ನನಗೆ ‘ಕಂಠ ಚೆನ್ನಾಗಿದೆಯಮ್ಮ, ಯಾರ ಹತ್ತಿರವಾದರೂ ಕಲಿ’ ಅಂದಿದ್ದರು!

ಪುಸ್ತಕ ಬಂದ ಮೇಲೆ ಚರ್ಚೆ ಎದ್ದಿತು. ಪತ್ರಿಕೆಯಲ್ಲಿ ಒಬ್ಬರು ಮಣ್ಣಿನ ದೋಷ ಅಂದರು, ಒಬ್ಬರು ಮಠಗಳ ದೋಷ ಅಂದರು. ಚನ್ನಗಿರಿಯ ಸಂಗೀತ ಬಳಗದ ಕಾರ್ಯದರ್ಶಿ ಮರುಳಸಿದ್ದಪ್ಪನವರು ಇದೇ ಸಮಯ ಅಂತ ನಾಲ್ಕು ತಾಲೂಕಿನಲ್ಲೂ ಒಂದೊಂದು ಸಂವಾದ ಇಟ್ಟರು. ವಿಷಯ: ‘ನಮ್ಮಲ್ಲಿ ಶಾಸ್ತ್ರೀಯ ಗಾಯಕರು ಏಕೆ ಹುಟ್ಟಲಿಲ್ಲ?’ ಇಟ್ಟು, ನನಗೆ ಫೋನ್ ಮಾಡಿದರು.

“ಮೇಡಂ, ನಾಲ್ಕೂ ಕಡೆ ನೀವೇ ಬರಬೇಕ್ರಿ.”

“ಏನು ಮಾಡಾಕೆ?” ಅಂದೆ. ಹಾಡಲು ಅಂತಾರೇನೋ ಅಂದುಕೊಂಡೆ.

“ಪ್ರಾರ್ಥನೆಗೆ.”

ಫೋನನ್ನು ಗೋಡೆಗೆ ಎಸೆಯಬೇಕು ಅನಿಸಿತು. ಎಸೆಯಲಿಲ್ಲ. “ಕೊನೆಗೆ ನನಗೆ ಒಂದು ರಾಗ ಹಾಡಾಕೆ ಟೈಮ್ ಕೊಡ್ತೀರಾ? ಕೊಟ್ರೆ ಬರ್ತೀನಿ,” ಅಂದೆ. “ಅಯ್ಯೋ, ಅದಕ್ಕೇನ್ರಿ, ವಂದನಾರ್ಪಣೆ ಆದ ತಕ್ಷಣ ನಿಮ್ದೇ ಕಛೇರಿ,” ಅಂದರು. ಮರುಳಸಿದ್ದಪ್ಪನವರು ಕೆಟ್ಟವರಲ್ಲ. ಅವರಿಗೆ ಯಾರಿಗೂ ಇಲ್ಲ ಅನ್ನಲು ಬರುವುದಿಲ್ಲ, ಅಷ್ಟೆ. ಅಂಥವರನ್ನು ನಂಬಿದರೆ ಏನಾಗುತ್ತದೆ ಅಂತ ನನಗೆ ತಿಳಿಯಬೇಕಿತ್ತು.

ಚನ್ನಗಿರಿಯಲ್ಲಿ ವಂದನಾರ್ಪಣೆಯ ಕೊನೆಗೆ ‘ಎಲ್ಲರಿಗೂ ಊಟದ ವ್ಯವಸ್ಥೆ ಮಾಡಲಾಗಿದೆ’ ಅಂದರು. ನಾನು ಹಾರ್ಮೋನಿಯಂ ಮುಂದೆ ಕೂರುವಷ್ಟರಲ್ಲಿ ಸಭೆಯಲ್ಲಿ ಕುರ್ಚಿಗಳು ಮಾತ್ರ ಇದ್ದವು. ಹೊನ್ನಾಳಿಯಲ್ಲಿ, ನಮ್ಮೂರಲ್ಲೇ, ಸನ್ಮಾನ ಮುಗಿಯಲೇ ಇಲ್ಲ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಫೋಟೋ, ‘ಸರ್ ಇನ್ನೊಂದು ಸಲ ಈ ಕಡೆ ನೋಡಿ’ ಅಂತ. ಸಭಾಂಗಣವನ್ನು ಮುಂದಿನ ಕಾರ್ಯಕ್ರಮದವರಿಗೆ ಬಿಟ್ಟುಕೊಡಬೇಕಾಯಿತು. ನ್ಯಾಮತಿಯಲ್ಲಿ ಊಟಕ್ಕೆ ಮೊದಲೇ ಹಾಡು ಇಟ್ಟುಕೊಳ್ಳಿ ಅಂತ ಕಾಡಿ ಬೇಡಿ ಒಪ್ಪಿಸಿದ್ದೆ. ವೇದಿಕೆ ಹತ್ತಿದರೆ ಅಲ್ಲಿ ಮೃದಂಗದವರೊಬ್ಬರು ಶಿಸ್ತಾಗಿ ಕೂತಿದ್ದಾರೆ! ನಾನು ಹಾಡುವುದು ಹಿಂದೂಸ್ತಾನಿ, ಕರೆಸಿದ್ದು ಕರ್ನಾಟಕಿಯವರನ್ನು. ಮರುಳಸಿದ್ದಪ್ಪನವರು ‘ಯಾವುದಾದ್ರೇನ್ರಿ, ಎರಡೂ ಬಾರಿಸೋವೇ ಅಲ್ವಾ’ ಅಂದರು. ತಬಲಾ ಚೀಲ ಹಿಡಿದು ಕೆಳಗೆ ನಿಂತ ಕೆಂಚೇಶನ ಮುಖ ನೋಡಲಾಗಲಿಲ್ಲ. ಆ ಮೃದಂಗದವರೂ ಪಾಪ, ಅಷ್ಟು ದೂರದಿಂದ ಬಂದಿದ್ದರು. ಅದರ ಬಗ್ಗೆ ಮಾತಾಡಿ ಮುಗಿಸುವಷ್ಟರಲ್ಲಿ ಊಟದ ಹೊತ್ತಾಗಿತ್ತು.

ಮೂರೂ ಕಡೆ ನಾನು ಮೊದಲು ಪ್ರಾರ್ಥನೆ ಹಾಡಿ, ವೇದಿಕೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ‘ಇಲ್ಲಿ ಹಾಡುವವರು ಏಕೆ ಇಲ್ಲ’ ಅಂತ ಅವರು ಗಂಟೆಗಟ್ಟಲೆ ವಾದ ಮಾಡುವುದನ್ನು ಕೇಳಿದೆ. ಮಗು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದಂತೆ ಅಂತಾರಲ್ಲ, ಕಂಕುಳಲ್ಲಿದ್ದ ಆ ಕೂಸು ನಾನೇ.

ಉಳಿದದ್ದು ಜಗಳೂರು. ಹಿಂದಿನ ದಿನ ಕೆಂಚೇಶನಿಗೆ ಫೋನ್ ಮಾಡಿದೆ.

“ಪ್ರಾರ್ಥನೆಗೆ ವಿಲಂಬಿತ್ ಏಕತಾಳ ಹಿಡೀತೀಯಾ?”

ಅದು ಖಯಾಲಿನ ನಿಧಾನದ ತಾಳ. ಒಂದು ಸುತ್ತು ಮುಗಿಯುವಷ್ಟರಲ್ಲಿ ಸಭೆಯಲ್ಲಿ ಒಬ್ಬರ ಸ್ವಾಗತ ಮುಗಿಯುತ್ತದೆ. ಕೆಂಚೇಶನೂ ನನ್ನಷ್ಟೇ ವರ್ಷದಿಂದ ಸಭೆಯಲ್ಲಿ ಭಜನೆಯ ಠೇಕಾ, ಆ ಸರಳ ತಾಳದ ಬಡಿತ, ಬಿಟ್ಟು ಬೇರೆ ನುಡಿಸಿದವನಲ್ಲ.

“ಅಕ್ಕಾ, ಬೈತಾರೆ,” ಅಂದ.

“ಪ್ರಾರ್ಥನೆ ಮಧ್ಯ ಯಾವನಾದ್ರೂ ಎದ್ದು ನಿಲ್ಸು ಅಂದಿದ್ದು ನೋಡಿದೀಯಾ? ದೇವ್ರ ಹಾಡು ನಿಲ್ಸಾಕೆ ಯಾರಿಗೂ ಧೈರ್ಯ ಇಲ್ಲ. ಗುರುಗಳದ್ದು ಗಣಪತಿ ಮೇಲಿಂದು ತೋಡಿ ರಾಗದ ಚೀಜ್ ಐತಲ್ಲ, ಎರಡು ಸಾಲಿನ ಹಾಡು, ಅದನ್ನ ಹಿಡೀತೀನಿ. ಸಾಲು ಎರಡೇ. ಎಷ್ಟೊತ್ತು ಹಾಡಬೇಕು ಅಂತ ಎಲ್ಲೂ ಬರೆದಿಲ್ಲ.”

“ಭಪ್ಪರೆ!” ಅಂದ ಕೆಂಚೇಶ್. ಗಿರಣಿಯ ಸದ್ದಿನಲ್ಲೂ ಅವನು ನಕ್ಕದ್ದು ಕೇಳಿಸಿತು.

ಅತ್ತೆ ನಾನೂ ಬರುತ್ತೇನೆ ಅಂದರು. ಅವರ ತವರು ಬಿಳಿಚೋಡು, ಆ ಕಡೆ ಹೋಗಿ ಬಹಳ ದಿನವಾಗಿತ್ತು. ಮಂಡಿ ನೋವು ಅವರಿಗೆ, ಕೂತರೆ ಏಳಲಾಗದು, ಎದ್ದರೆ ನಿಲ್ಲಲಾಗದು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿಕೊಂಡು ಹೋದೆ. ಸಮುದಾಯ ಭವನದಲ್ಲಿ ಎರಡನೇ ಸಾಲಿನಲ್ಲಿ ಕೂರಿಸಿ, ಮುಂದಿನ ಕುರ್ಚಿಯ ಕೆಳಗೆ ಕಾಲು ಚಾಚಿಕೊಳ್ಳಲು ಹೇಳಿದೆ. “ನೀ ಹೋಗು, ಬೇಗ ಹಾಡಿ ಬಾ,” ಅಂದರು. ನನ್ನ ಉಪಾಯ ಅವರಿಗೂ ಹೇಳಿರಲಿಲ್ಲ.

ವೇದಿಕೆಯ ಮೇಲೆ ರುದ್ರಮುನಿಯವರು, ಅಧ್ಯಕ್ಷರು, ಇನ್ನೂ ನಾಲ್ಕು ಜನ. ಮರುಳಸಿದ್ದಪ್ಪನವರು ‘ಈಗ ಪ್ರಾರ್ಥನೆ’ ಅಂದರು. ನಾನು ಹಾರ್ಮೋನಿಯಂ ಮೇಲೆ ಷಡ್ಜ ಹಿಡಿದು ಕಣ್ಣು ಮುಚ್ಚಿದೆ. ಕೆಂಚೇಶ್ ಮೊದಲ ಸುತ್ತು ಹಿಡಿದ. ತೋಡಿ ಸುಮ್ಮನೆ ಬರುವ ರಾಗವಲ್ಲ. ಅದರ ಗಾಂಧಾರವನ್ನು ಇಳಿಸಿ ಹಿಡಿಯಬೇಕು, ಒಂದು ಕೂದಲು ಮೇಲಾದರೂ ಸತ್ತಿತು. ಗುರುಗಳು ಅದೊಂದು ಸ್ವರಕ್ಕೆ ನನ್ನನ್ನು ಎಷ್ಟು ಅಳಿಸಿದ್ದರೋ. ಅಂದು ಅದು ಬಂತು! ಸೊಟ್ಟಗೆ ಹೋಗದೆ ನೆಟ್ಟಗೆ ಬಂದು ಕೂತಿತು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಒಂದೊಂದೇ ಸ್ವರ ಸೇರಿಸುತ್ತಾ, ಹಿಂದೆ ಬಂದು, ಮತ್ತೆ ಮುಂದೆ ಹೋಗಿ, ಆ ಎರಡು ಸಾಲಿನಲ್ಲೇ ಮನೆ ಮಾಡಿಕೊಂಡು ಕೂತೆ. ಸಂತೋಷ ಆಯಿತು. ಬಹಳ ಸಂತೋಷ ಆಯಿತು.

ಯಾರೋ ಒಂದು ಚೀಟಿ ತಂದು ಕೈಗೆ ತಾಗುವಂತೆ ಹಾರ್ಮೋನಿಯಂ ಮೇಲಿಟ್ಟರು, ಬೇಗ ಮುಗಿಸಿ ಅಂತಲೇ ಇರಬೇಕು. ಕಣ್ಣು ತೆರೆಯದೆ ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಅಧ್ಯಕ್ಷರು ಕೆಮ್ಮಿದರು. ಕೆಮ್ಮಲಿ.

ಆಮೇಲೆ ಕುರ್ಚಿಗಳು ಸರಿದ ಸದ್ದು ಕೇಳಿಸಿತು. ಎದ್ದು ಹೋಗುತ್ತಿದ್ದಾರೆ ಅಂದುಕೊಂಡು ಕಣ್ಣು ತೆರೆದೆ. ಹೋಗುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಬಿಳಿ ಪೇಟದ ಒಬ್ಬ ಮುದುಕರು ಎದ್ದು, ಕೈ ಮುಗಿದು, ಕಣ್ಣು ಮುಚ್ಚಿ ನಿಂತಿದ್ದರು. ಪ್ರಾರ್ಥನೆ ಇಷ್ಟು ಉದ್ದ ಇದೆ ಅಂದಮೇಲೆ ಇದು ಮಹಾಮಂಗಳಾರತಿಯಂಥದ್ದೇ ಏನೋ ಇರಬೇಕು, ಕೂತು ಕೇಳಬಾರದು ಅಂತ ಅವರಿಗೆ ಅನಿಸಿದೆ. ಹಿರಿಯರು ನಿಂತರಲ್ಲ ಅಂತ ಅವರ ಪಕ್ಕದವರು ನಿಂತರು. ಅವರ ಹಿಂದಿನವರು ನಿಂತರು. ನೋಡ ನೋಡುತ್ತ ಇಡೀ ಸಭೆ ಎದ್ದು ನಿಂತಿತು. ಜನ ನಿಂತಾಗ ವೇದಿಕೆಯವರು ಕೂತಿರಲಾಗುತ್ತದೆಯೇ? ಅಧ್ಯಕ್ಷರು ನಿಂತರು, ರುದ್ರಮುನಿಯವರೂ ಪುಸ್ತಕವನ್ನು ಎದೆಗೆ ಹಿಡಿದುಕೊಂಡು ನಿಂತರು.

ನನಗೆ ತಲೆ ಕೆಟ್ಟಿತು. ನಿಂತವರ ಮುಖ ನೋಡಿದೆ. ಭಕ್ತಿ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಒಬ್ಬರೂ ಕೇಳುತ್ತಿರಲಿಲ್ಲ. ಯಾವಾಗ ಮುಗಿಯುತ್ತದೆ ಅಂತ ಕಾಯುತ್ತಾ, ಈ ಕಾಲಿನಿಂದ ಆ ಕಾಲಿಗೆ ಭಾರ ಬದಲಿಸುತ್ತಾ ನಿಂತಿದ್ದರು. ನಾನು ತಾರ ಷಡ್ಜಕ್ಕೆ ಹೋದಾಗ ಒಬ್ಬರು ಗಲ್ಲ ಗಲ್ಲ ಬಡಿದುಕೊಂಡರು! ನಾನು ಜೀವ ಹಿಂಡಿ ಹಾಡುತ್ತಿರುವ ರಾಗಕ್ಕೆ ಗಲ್ಲ ಬಡಿದುಕೊಳ್ಳುತ್ತಾರೆ ಅಂದರೆ ನಾನು ಯಾವ ಬಾವಿಗೆ ಬೀಳಲಿ?

ಎರಡನೇ ಸಾಲಿನಲ್ಲಿ ಅತ್ತೆಯೂ ನಿಂತಿದ್ದರು. ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ತುಟಿ ಕಚ್ಚಿಕೊಂಡು. ಮನೆಯಲ್ಲಿ ಇದೇ ತೋಡಿಯನ್ನು ಕಾಲು ಚಾಚಿ ಕೂತು ಕೇಳುವವರು ಇಲ್ಲಿ ನೋವು ನುಂಗಿಕೊಂಡು ನಿಂತಿದ್ದಾರೆ. ನಿಲ್ಲದಿದ್ದರೆ ಸೊಸೆಗೆ ಅವಮಾನ ಅಂತ.

ಪ್ರಾರ್ಥನೆ ಅಂತ ಹಾಡಿದರೆ ಯಾರೂ ನಿಲ್ಲಿಸುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಪ್ರಾರ್ಥನೆ ಅಲ್ಲ ಅಂದರೆ ಕೇಳಬಹುದು, ಆದರೆ ಅದೇ ಕ್ಷಣ ನನ್ನನ್ನು ಎಬ್ಬಿಸಬಹುದು. ಇದು ನನಗೆ ಅಲ್ಲೇ, ಸುತ್ತಿನ ನಡುವೆಯೇ ಹೊಳೆಯಿತು. ಸುಮ್ಮನೆ ಹಾಡುತ್ತಾ ಹೋಗಿದ್ದರೆ ಆಗುತ್ತಿತ್ತು. ಪೂರ್ತಿ ರಾಗ ಹಾಡಿದೆ ಅಂತ ಮನೆಗೆ ಹೋಗಬಹುದಿತ್ತು. ಆದರೆ ಯಾರಿಗೆ ಹಾಡಿದಂತಾಯಿತು? ನಿಂತ ಕಾಲುಗಳಿಗೆ?

ನಿಲ್ಲಿಸಿದೆ. ಮೈಕಿನಲ್ಲೇ ಹೇಳಿದೆ.

“ಎಲ್ಲಾರೂ ಕುತ್ಕಳ್ರಿ. ಇದು ಪ್ರಾರ್ಥನೆ ಅಲ್ಲ. ನಾನು ಹಾಡ್ತಾ ಇದೀನಿ. ಕೂತು ಕೇಳ್ರಿ.”

ಕೂತರು. ಎಷ್ಟೋ ಜನ ‘ಉಸ್ಸಪ್ಪಾ’ ಅಂತ ಕೂತರು. ಅತ್ತೆ ನಿಧಾನವಾಗಿ ಕೂತು ಮಂಡಿ ಹಿಡಿದುಕೊಂಡರು. ಕೆಂಚೇಶ್ ಮತ್ತೆ ಸುತ್ತು ಎತ್ತಿಕೊಳ್ಳಲು ಕೈ ಮೇಲೆತ್ತಿದ. ನಾನು ಉಸಿರೆಳೆದುಕೊಂಡೆ. ಅಷ್ಟರಲ್ಲಿ ಮರುಳಸಿದ್ದಪ್ಪನವರು ಬಂದು ನನ್ನ ಮುಂದಿನ ಮೈಕನ್ನು ಮೆಲ್ಲಗೆ, ಮಲಗಿದ ಮಗುವಿನ ಕೈಯಿಂದ ಆಟಿಕೆ ತೆಗೆಯುವ ಹಾಗೆ ತೆಗೆದುಕೊಂಡರು.

“ಹಾಡಾದ್ರೆ ಆಮೇಲೆ ಮೇಡಂ,” ಅಂದರು ಕಿವಿಯ ಹತ್ತಿರ. “ವಂದನಾರ್ಪಣೆ ಆದ ತಕ್ಷಣ.” ಆಮೇಲೆ ಸಭೆಯ ಕಡೆ ತಿರುಗಿ ಜೋರಾಗಿ, “ಸುಶ್ರಾವ್ಯವಾಗಿ ಪ್ರಾರ್ಥಿಸಿದ ಶ್ರೀಮತಿ ಅರುಣಾ ಮೇಡಂ ಅವರಿಗೆ ಧನ್ಯವಾದಗಳು.”

ಚಪ್ಪಾಳೆ ತಟ್ಟಿದರು.

ನಾನು ಪಕ್ಕದ ಪ್ಲಾಸ್ಟಿಕ್ ಕುರ್ಚಿಗೆ ಹೋಗಲಿಲ್ಲ. ಹಾರ್ಮೋನಿಯಂ ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದು, ಅತ್ತೆಯ ಕೈ ಹಿಡಿದು ಎಬ್ಬಿಸಿ, ಬಾಗಿಲ ಹೊರಗೆ ಬಂದೆ. ಹಿಂದೆ ಕೆಂಚೇಶ್. ಹೊರಗೆ ಜಗಲಿಯ ತುಂಬ ಚಪ್ಪಲಿಗಳು. ಒಂದು ಮೂಲೆಯಲ್ಲಿ ಒಲೆ ಹೂಡಿ ಅಡುಗೆಯವರು ಸಾರು ಕುದಿಸುತ್ತಿದ್ದರು. ಅತ್ತೆಯನ್ನು ಜಗಲಿಯ ಅಂಚಿಗೆ ಕೂರಿಸಿದೆ.

“ನಿಮಗ್ಯಾಕೆ ಬೇಕಿತ್ತು ನಿಲ್ಲೋದು?” ಅಂತ ಅವರ ಮೇಲೆ ರೇಗಿದೆ. ಬೇರೆ ಯಾರ ಮೇಲೆ ರೇಗಲಿ?

“ಎಲ್ಲಾರೂ ನಿಂತ್ರಲ್ಲವ್ವಾ,” ಅಂದರು. “ನೀನ್ಯಾಕೆ ನಿಲ್ಸಿದೆ? ಗಂಟಲು ಇವತ್ತು ಭಾಳ ಚೆಂದ ಇತ್ತು.”

ಜಗಲಿಗೆ ಹಾಕಿದ್ದ ಲೌಡ್‌ಸ್ಪೀಕರಿನಲ್ಲಿ ಸ್ವಾಗತ ಮುಗಿದು, ದೀಪ ಹಚ್ಚಿ, ರುದ್ರಮುನಿಯವರು ಪ್ರಬಂಧ ಓದಲು ಶುರು ಮಾಡಿದ್ದು ಕೇಳಿಸುತ್ತಿತ್ತು. ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಅಂತ ಕೆಂಚೇಶನನ್ನು ಕೇಳಿದೆ. ಅವನು ತಬಲಾ ಚೀಲದ ದಾರ ಕಟ್ಟುತ್ತಿದ್ದ.

ಆಗ ಬಾಗಿಲಿನಿಂದ ಆ ಬಿಳಿ ಪೇಟದ ಮುದುಕರು ಹೊರಗೆ ಬಂದರು. ಮೊದಲು ಎದ್ದು ನಿಂತು ಇಡೀ ಸಭೆಯನ್ನು ನಿಲ್ಲಿಸಿದವರು. ನನ್ನ ಮೈಯೆಲ್ಲ ಉರಿಯಿತು. ಚಪ್ಪಲಿ ಹುಡುಕಲು ಬಂದಿರಬೇಕು ಅಂದುಕೊಂಡೆ. ಅವರು ನೇರವಾಗಿ ನನ್ನ ಹತ್ತಿರ ಬಂದು ನಿಂತರು.

“ನಮ್ದು ಇಲ್ಲೇ ಸೊಕ್ಕೆ ಊರು. ಗೋಣೆಪ್ಪ ಅಂತಾರೆ,” ಅಂದರು. “ಒಂದು ಮಾತು ಕೇಳ್ಲಾ ತಾಯಿ?”

“ಕೇಳ್ರಿ.”

“ನಾ ಊಟಕ್ಕೆ ಅಂತ ಬಂದೋನು, ಸುಳ್ಳು ಯಾಕೆ ಹೇಳ್ಲಿ. ದೇವ್ರ ಹಾಡು ಅಂತ ನಿಂತೆ. ನೀವು ಕುತ್ಕಳ್ರಿ ಅಂದ್ರಿ, ಕುತ್ಕಂಡೆ. ಹಾಡ್ತೀನಿ ಕೇಳ್ರಿ ಅಂದ್ರಿ, ಕೇಳಾಕೆ ರೆಡಿ ಆದೆ.” ಅವರ ದನಿಯಲ್ಲಿ ಸಿಟ್ಟಿತ್ತು. “ಕೂರಿಸಿಬಿಟ್ಟು ಎದ್ದು ಬರೋದು ಯಾವ ನ್ಯಾಯ? ಉಳಿದಿದ್ದು ಎಲ್ಲಿ?”

ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಉಳಿದದ್ದು ಎಲ್ಲಿ ಅಂತ ಕೇಳಿರಲಿಲ್ಲ. ಎಲ್ಲರೂ ಮುಗಿಸು ಅಂತಲೇ ಚೀಟಿ ಕಳಿಸಿದವರು. ಕೆಂಚೇಶನ ಕಡೆ ನೋಡಿದೆ. ಅವನು ಆಗಲೇ ಚೀಲ ಬಿಚ್ಚುತ್ತಿದ್ದ.

“ಬಹಳ ಹೊತ್ತಾಗ್ತೈತೆ ಯಜಮಾನ್ರೆ,” ಅಂದೆ.

“ಆಗ್ಲಿ. ಊಟ ಇನ್ನೂ ಆಗಿಲ್ಲ,” ಅಂತ ಗೋಣೆಪ್ಪನವರು ಒಂದಷ್ಟು ಚಪ್ಪಲಿಗಳನ್ನು ಪಕ್ಕಕ್ಕೆ ಸರಿಸಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅತ್ತೆ ಕಾಲು ಚಾಚಿಕೊಂಡರು. ಅಡುಗೆಯವಳೊಬ್ಬಳು ಸೌಟು ಹಿಡಿದು ತಿರುಗಿ ನಿಂತಳು.

ಗಂಟಲು ತಕ್ಷಣ ಬರಲಿಲ್ಲ. ಷಡ್ಜ ಎರಡು ಸಲ ನಡುಗಿ ಬಿತ್ತು. ಮೂರನೇ ಸಲ ನಿಂತಿತು. ಎಲ್ಲಿ ಬಿಟ್ಟಿದ್ದೆನೋ ಅಲ್ಲಿಂದಲೇ ಹಿಡಿದೆ. ಜಗಲಿಯ ಲೌಡ್‌ಸ್ಪೀಕರು ನಮ್ಮ ತಲೆಯ ಮೇಲೇ ಇತ್ತು. ರುದ್ರಮುನಿಯವರು ಪುಟ ತಿರುವಿದ್ದು, ನೀರು ಕುಡಿದದ್ದು ಎಲ್ಲ ಅದರಲ್ಲಿ ಕೇಳಿಸುತ್ತಿತ್ತು. ನಾನು ಗಾಂಧಾರದ ಮೇಲೆ ನಿಂತಿದ್ದಾಗ ಅವರು ದನಿ ಏರಿಸಿ ಓದಿದರು: “ಅತ್ಯಂತ ನೋವಿನಿಂದ ಹೇಳುತ್ತೇನೆ, ಈ ನಾಲ್ಕು ತಾಲೂಕುಗಳಲ್ಲಿ ಖಯಾಲ್ ಹಾಡುವವರು ಒಬ್ಬರೂ ಇಲ್ಲ.” ಒಳಗೆ ಜೋರಾಗಿ ಚಪ್ಪಾಳೆ ಬಿತ್ತು.

ಗೋಣೆಪ್ಪನವರು ಒಂದು ಸಲ ಬಾಗಿಲ ಕಡೆ ನೋಡಿ, ಮತ್ತೆ ನನ್ನ ಕಡೆ ತಿರುಗಿ ಕಿವಿಗೆ ಕೈ ಅಡ್ಡ ಹಿಡಿದುಕೊಂಡರು. ಕೆಂಚೇಶ್ ಬಗ್ಗಿ, “ಯಾತಕ್ಕಕ್ಕಾ ಆ ಚಪ್ಪಾಳೆ?” ಅಂದ.

“ನಮಗಲ್ಲ ಬಿಡು,” ಅಂದೆ. “ಠೇಕಾ ಬಿಡಬ್ಯಾಡ.”